ಪೋಸ್ಟಿಂಗ್ ಮುಗಿದ ಮೇಲೂ ಹಳ್ಳಿಯ ಹಿರಿಯರ ಮನೆಗೆ ಹೋಗಬೇಕು ಅಂತಿದ್ದೇವೆ, ಹೇಗೆ ಮಾಡೋದು?

ಕೊಪ್ಪಳದ ನರ್ಸಿಂಗ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಕಮ್ಯುನಿಟಿ ಪೋಸ್ಟಿಂಗ್, ಅಂದರೆ ಊರಲ್ಲೇ ಕೆಲಸ ಮಾಡಿ ಕಲಿಯುವ ತರಬೇತಿ, ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಈಗ ಮುಗಿಯಿತು. ಮನೆ ಮನೆ ಸರ್ವೆ, ಫ್ಯಾಮಿಲಿ ಫೋಲ್ಡರ್, ಬಿಪಿ, ಶುಗರ್, ಕೊನೆಯ ದಿನ ಗುಡಿ ಮುಂದೆ ಚಾರ್ಟ್ ಹಿಡಿದು ಆರೋಗ್ಯ ಶಿಕ್ಷಣ, ಆಮೇಲೆ ಗ್ರೂಪ್ ಫೋಟೊ. ಅಷ್ಟು ಮಾಡಿ ಬಸ್ ಹತ್ತಿದೆವು.

ಆ ಊರಲ್ಲಿ ದುಡಿಯುವ ವಯಸ್ಸಿನವರು ಕಡಿಮೆ. ಮಳೆ ಕೈಕೊಟ್ಟರೆ ಬೆಂಗಳೂರು, ಗೋವಾ ಅಂತ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ನಾನು ನೋಡುತ್ತಿದ್ದ ಒಬ್ಬ ಅಜ್ಜಿ ತನ್ನ ಗುಳಿಗೆಗಳನ್ನೆಲ್ಲ ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಂಡಿರುತ್ತಾಳೆ. ಬಿಚ್ಚಿ ತೋರಿಸು ಅಂದೆ. ಎಲ್ಲವೂ ಬಿಳಿ. "ಸಣ್ಣದು ಬಿಪಿದು, ದೊಡ್ಡದು ಸಕ್ರಿದು, ನಡು ಗೆರಿ ಇದ್ದದ್ದು ಮೊಣಕಾಲಿಂದು" ಅಂತ ಬೆರಳಲ್ಲಿ ಒಂದೊಂದೇ ಸರಿಸಿ ಹೇಳಿದಳು. ನೋಡಿದರೆ ಗೆರೆ ಎರಡು ಥರದ ಗುಳಿಗೆಯಲ್ಲೂ ಇತ್ತು. ಸ್ಟ್ರಿಪ್ ಎಲ್ಲಿ ಅಂದರೆ ಒಲೆಗೆ ಹಾಕಿದೆ ಅಂದಳು.

ನಾವು ಆರು ಜನ ಸೇರಿ ಭಾನುವಾರ ಹೋಗೋಣ ಅಂತ ಮಾತಾಡಿಕೊಂಡಿದ್ದೇವೆ. ಹುಡುಗಿಯರು ನಾಲ್ವರು. ಶಕ್ತಿ ಯೋಜನೆ ಇರುವುದರಿಂದ ನಮಗೆ ಬಸ್ಸಿನ ಖರ್ಚಿಲ್ಲ. ಹುಡುಗರಿಬ್ಬರ ಟಿಕೆಟ್ಟಿಗೆ ಎಲ್ಲರೂ ಸೇರಿ ಹಾಕುತ್ತೇವೆ. ಬಿಪಿ ಮಷೀನ್ ಒಂದಿದೆ.

ನನಗೆ ಗೊತ್ತಾಗಬೇಕಾಗಿರುವುದು: ಯಾರ ಅನುಮತಿ ಬೇಕು? ವಿದ್ಯಾರ್ಥಿಗಳಾಗಿ ನಾವು ಏನು ಮಾಡಬಹುದು, ಏನು ಮಾಡಬಾರದು? ಪೋಸ್ಟಿಂಗ್‌ನಲ್ಲೇ "ಸೂಜಿ ಮಾಡವ್ವಾ, ಗುಳಿಗಿ ತಂದ್ ಕೊಡವ್ವಾ" ಅಂತ ಹಿಂದೆ ಬೀಳುತ್ತಿದ್ದರು. ಸುಮ್ನೆ ಬಿಪಿ ನೋಡಿ ಬರೋದಕ್ಕಿಂತ ಜಾಸ್ತಿ ಏನಾದರೂ ಆಗುತ್ತಾ? ಇಂಥದ್ದು ಮಾಡಿದವರಿದ್ದರೆ ದಯವಿಟ್ಟು ಹೇಳಿ.

ನಿವೃತ್ತ ಸಿಸ್ಟರ್, ಕುಷ್ಟಗಿ ಕಡೆಯವಳು

ತಂಗೀ, ಪ್ರಶ್ನೆ ಚೆನ್ನಾಗಿದೆ. ಬರೆಯುವುದು ಉದ್ದ ಆಗುತ್ತೆ, ಕೂತು ಓದು. ನಾನು ಸಬ್‌ಸೆಂಟರ್‌ನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಊರವರಿಗೆ ಕೊನೆತನಕ ನರ್ಸಮ್ಮನೇ.

ಮೊದಲು ಅನುಮತಿ ವಿಷಯ. ಪ್ರಿನ್ಸಿಪಾಲರಿಂದ ಒಂದು ಪತ್ರ, ಅದರಲ್ಲಿ ನಿಮ್ಮ ಆರೂ ಜನರ ಹೆಸರು. ಅದನ್ನು ತೆಗೆದುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿ ಹತ್ತಿರ ಹೋಗಿ, ಅವರು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರಿಗೆ ತಿಳಿಸುತ್ತಾರೆ. ಪಂಚಾಯ್ತಿ ಪಿಡಿಒಗೂ ಒಂದು ಪ್ರತಿ ಕೊಡಿ. ಕಾಗದ ಇಷ್ಟೇ. ಇದಕ್ಕಿಂತ ಮುಖ್ಯ ಆ ಊರಿನ ಆಶಾ ಕಾರ್ಯಕರ್ತೆ. ಅವಳನ್ನು ಕೇಳದೆ ಅವಳ ಊರಿಗೆ ಕಾಲಿಡಬೇಡಿ. ಒಬ್ಬ ಆಶಾ ಸುಮಾರು ಸಾವಿರ ಜನರನ್ನು ನೋಡಬೇಕು. ಗರ್ಭಿಣಿ, ಬಾಣಂತಿ, ಕೂಸು, ಗುರುವಾರ ಲಸಿಕೆ, ಮೇಲೆ ಮೊಬೈಲ್‌ನಲ್ಲಿ ಎಂಟ್ರಿ. ಹಿರಿಯರ ಹತ್ತಿರ ಕೂರುವುದಕ್ಕೆ ಅವಳಿಗೆ ಹೊತ್ತೇ ಸಿಗಲ್ಲ. ನೀವು ಬಂದರೆ ಅವಳಿಗೆ ಸಹಾಯ. ಆದರೆ ನಿಮ್ಮನ್ನು ನೋಡಿಕೊಳ್ಳುವುದೇ ಭಾನುವಾರ ಅವಳಿಗೆ ಇನ್ನೊಂದು ಡ್ಯೂಟಿ ಆಗಬಾರದು.

ಸೂಜಿ ಇಲ್ಲ. ಸಲೈನ್ ಇಲ್ಲ. ಗುಳಿಗೆ ತಂದು ಕೊಡುವುದೂ ಇಲ್ಲ. ನಿಮಗೆ ಇನ್ನೂ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ಆಗಿಲ್ಲ. ಆದವರೂ ಡಾಕ್ಟರ್ ಬರೆಯದೆ ಕೊಡುವ ಹಾಗಿಲ್ಲ. "ಸುಸ್ತಾಗೇತಿ, ಒಂದು ಗ್ಲೂಕೋಸ್ ಬಾಟ್ಲಿ ಹಚ್ಚಿಬಿಡವ್ವಾ" ಅಂತ ಊರು ನಿಮ್ಮನ್ನು ಪರೀಕ್ಷೆ ಮಾಡುತ್ತೆ. ಮೊದಲ ವಾರವೇ ನಗುತ್ತಾ ಆಗಲ್ಲ ಅಂದುಬಿಡಿ. ಒಂದು ಮನೆಯಲ್ಲಿ ಒಪ್ಪಿದರೆ ಸಂಜೆಯೊಳಗೆ ಇಡೀ ಓಣಿ ತೋಳು ಮೇಲೆ ಮಾಡಿಕೊಂಡು ಸಾಲು ನಿಲ್ಲುತ್ತೆ.

ಈಗ ಏನು ಮಾಡಬಹುದು ಅನ್ನೋದು. ಇಡೀ ಊರು ಹಿಡಿಯಬೇಡಿ. ಇಬ್ಬಿಬ್ಬರಂತೆ ಮೂರು ಜೋಡಿ ಆಗಿ, ಜೋಡಿಗೆ ಮೂರ್ನಾಲ್ಕು ಮನೆ ಸಾಕು. ಯಾವ ಮನೆ ಅಂತ ಆಶಾ ಹೇಳಲಿ. ಒಬ್ಬರೇ ಇರುವವರು, ಕಣ್ಣು ಕಾಣದವರು, ಹಾಸಿಗೆ ಹಿಡಿದವರು. ಅದೇ ಮನೆಗೆ ಅದೇ ಜೋಡಿ ಹೋಗಬೇಕು. ಪ್ರತಿಸಲ ಹೊಸ ಮುಖ ಬಂದರೆ ಅಜ್ಜಿ ಪ್ರತಿಸಲ ಮೊದಲಿಂದ ಕಥೆ ಹೇಳಬೇಕಾಗುತ್ತೆ. ಕಥೆ ಮುಗಿಯುವಷ್ಟರಲ್ಲಿ ನಿಮ್ಮ ಬಸ್ಸು ಬರುತ್ತೆ.

ನಿನ್ನ ಸೆರಗಿನ ಗಂಟಿನ ಅಜ್ಜಿಗೆ ಬರ್ತೀನಿ. ನನ್ನ ಕೇಳಿದರೆ ನಿಮ್ಮ ಅರ್ಧ ಕೆಲಸ ಆ ಗಂಟಿನಲ್ಲೇ ಇದೆ. ಪ್ರತಿ ಮನೆಯಲ್ಲೂ ಗುಳಿಗೆಗಳನ್ನೆಲ್ಲ ಒಂದು ತಟ್ಟೆಗೆ ಹಾಕಿಸಿ. ಗಂಟಿನದು, ಮಾಡದಲ್ಲಿ ಇಟ್ಟದ್ದು, ದಿಂಬಿನ ಕೆಳಗಿನದು, ಪಕ್ಕದ ಮನೆಯವಳು "ನನಗ ಆರಾಮಾತು, ನೀನೂ ತಗೋ" ಅಂತ ಕೊಟ್ಟದ್ದು. ಪಿಎಚ್‌ಸಿಯದ್ದು ಒಂದು ಬಿಪಿ ಗುಳಿಗೆ, ಖಾಸಗಿ ಡಾಕ್ಟರ್ ಬರೆದದ್ದು ಇನ್ನೊಂದು, ಹೆಸರು ಬೇರೆ, ಒಳಗಿರೋದು ಒಂದೇ, ಎರಡೂ ನುಂಗುತ್ತಿರುತ್ತಾರೆ. ಹೆಸರು ಗೊತ್ತಾಗದ ಬಿಡಿ ಗುಳಿಗೆಯನ್ನು ಇದು ಇಂಥದ್ದು ಅಂತ ಊಹೆ ಮಾಡಬೇಡಿ. ಹಾಗೇ ಚೀಟಿಯಲ್ಲಿ ಕಟ್ಟಿ, ಹಳೆ ಚೀಟಿಗಳ ಜೊತೆ ಪಿಎಚ್‌ಸಿಗೆ ಹೋಗಲಿ. ಮುಂದಿನ ತಿಂಗಳಿಂದ ಸ್ಟ್ರಿಪ್ ಸುಡಬೇಡ, ಖಾಲಿ ಆದದ್ದೂ ಡಬ್ಬಿಗೆ ಹಾಕು ಅಂತ ಹೇಳಿ. ಓದಲು ಬರದವರಿಗೆ ಸ್ಟ್ರಿಪ್ ಹಿಂದೆ ಮಾರ್ಕರ್‌ನಲ್ಲಿ ಸೂರ್ಯ, ಚಂದ್ರ ಬರೆದುಕೊಡಿ. ಬೆಳಿಗ್ಗೆ, ರಾತ್ರಿ. ಮೊಮ್ಮಗ ಮೂರನೇ ಕ್ಲಾಸಿನವನಿದ್ದರೂ ಸಾಕು, ಅವನಿಗೆ ತೋರಿಸಿ. ಅಜ್ಜಿ ಮರೆತರೂ ಅವನು ಮರೆಯಲ್ಲ.

ಮೊಣಕಾಲಿನ ಗುಳಿಗೆ ಇದೆಯಲ್ಲ, ಅದನ್ನು ಬಿಡಬೇಡಿ. ಮೆಡಿಕಲ್ ಶಾಪ್‌ನಲ್ಲಿ "ನೋವಿಂದು ಕೊಡ್ರಿ" ಅಂದರೆ ಕತ್ತರಿಸಿ ಕೊಡುತ್ತಾರೆ. ಡೈಕ್ಲೊಫೆನಾಕ್ ಥರದ್ದನ್ನು ದಿನಾ ನುಂಗಿದರೆ ಬಿಪಿ ಏರುತ್ತೆ, ಕಿಡ್ನಿಗೆ ಪೆಟ್ಟು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವೂ ಆಗಬಹುದು. ಬಿಪಿ ಗುಳಿಗೆ ತಗೊಂಡರೂ ಬಿಪಿ ಇಳಿಯುತ್ತಿಲ್ಲ ಅಂದರೆ ಮೊದಲು ಇದನ್ನು ಕೇಳಿ. ಮಲ ಟಾರಿನ ಹಾಗೆ ಕಪ್ಪಗಾಗುತ್ತಾ ಅಂತಲೂ ಕೇಳಿ. ನಾಚಿಕೊಳ್ಳುತ್ತಾರೆ, ಆದರೂ ಕೇಳಿ.

ಶುಗರ್ ಗುಳಿಗೆಯವರಿಗೆ ಉಪವಾಸದ ದಿನಗಳದ್ದೇ ತೊಂದರೆ. ಸೋಮವಾರ, ಏಕಾದಶಿ, ಶ್ರಾವಣ, ರಂಜಾನ್. ಊಟ ಬಿಡುತ್ತಾರೆ, ಗುಳಿಗೆ ಬಿಡಲ್ಲ. ಬೆವರು, ನಡುಕ, ಮಾತು ತೊದಲುವುದು. ವಯಸ್ಸಾದವರಲ್ಲಿ ಇದ್ಯಾವುದೂ ಇಲ್ಲದೆ ಸುಮ್ಮನೆ ಮಂಕಾಗಿ ಕೂತಿರಲೂಬಹುದು. ಶುಗರ್ 70ಕ್ಕಿಂತ ಕೆಳಗಿದ್ದು ಎಚ್ಚರ ಇದ್ದರೆ, ನುಂಗಲು ಬರುತ್ತಿದ್ದರೆ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ವ್ರತಕ್ಕೆ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಲಿ. ಉಪವಾಸ ಬಿಡು ಅಂತ ನೀವು ಬೋಧನೆ ಮಾಡಿದರೆ ಮುಂದಿನ ಸಲ ಬಾಗಿಲೇ ತೆರೆಯಲ್ಲ.

ಬಿಪಿ ಬಗ್ಗೆ ಒಂದು. ಹೋದ ತಕ್ಷಣ ಪಟ್ಟಿ ಸುತ್ತಬೇಡಿ. ಐದು ನಿಮಿಷ ಒರಗಿ ಕೂರಲಿ. ಚಹಾ, ತಂಬಾಕು ಆಗಿ ಅರ್ಧ ಗಂಟೆ ಆಗಿರಲಿ. ಕೂತಾಗ ನೋಡಿದ ಮೇಲೆ ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಇಳಿದರೆ, ಇಲ್ಲಾ ಕೆಳಗಿನದು 10 ಇಳಿದರೆ, ಬರೆದು ಡಾಕ್ಟರಿಗೆ ತಿಳಿಸಿ. ರಾತ್ರಿ ಬಯಲಿಗೆ ಎದ್ದು ತಲೆ ತಿರುಗಿ ಬೀಳುವುದು ಇದರಿಂದಲೇ ಎಷ್ಟೋ ಸಲ. ಈ ನಿಂತು ನೋಡುವ ಬಿಪಿ ಯಾವ ಶಿಬಿರದಲ್ಲೂ ಮಾಡುವುದನ್ನು ನಾನು ನೋಡಿಲ್ಲ, ಸಾಲು ಓಡಬೇಕಲ್ಲ! ನಿಮಗೆ ಹೊತ್ತಿದೆ, ನೀವು ಮಾಡಿ.

ಇನ್ನು ನೀರು. ನಮ್ಮ ಕೊಪ್ಪಳ, ರಾಯಚೂರು ಕಡೆ ಎಷ್ಟೋ ಊರುಗಳ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಬಹಳ ಜಾಸ್ತಿ ಇರುವ ನೀರು ಕುಡಿದವರ ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. "ಊರಲ್ಲಿ ಶುದ್ಧ ನೀರಿನ ಘಟಕ ಇದೆಯಲ್ಲ, ಅಲ್ಲಿಂದ ತಂದು ಕುಡೀರಿ" ಅಂತ ಚಾರ್ಟ್ ತೋರಿಸಿ ಬರಬೇಡಿ. ನಾಣ್ಯ ಹಾಕಿದರೆ ಬರೋದು 20 ಲೀಟರ್ ಕ್ಯಾನಿನ ಲೆಕ್ಕದಲ್ಲಿ. ಮೊಣಕಾಲು ಮಡಚಲು ಬರದ ಅಜ್ಜಿ ಅದನ್ನು ಹೊರುತ್ತಾಳಾ? ಮನೆ ಮುಂದಿನ ಬೋರಿನ ನೀರೇ ಕುಡಿಯುತ್ತಾಳೆ. ಓಣಿಯ ಒಬ್ಬ ಹುಡುಗನನ್ನು ಸೈಕಲ್ಲಿನಲ್ಲಿ ತಂದುಕೊಡಲು ಒಪ್ಪಿಸಿದರೆ ನಿಮ್ಮ ಹತ್ತು ಆರೋಗ್ಯ ಶಿಕ್ಷಣಕ್ಕೆ ಸಮ.

ಬೇಸಿಗೆ ಬಂದರೆ ಬೇರೆ ಎಲ್ಲ ಬದಿಗಿಟ್ಟು ಇದೊಂದನ್ನೇ ನೋಡಿ. ಬಿಸಿಲು 40 ಡಿಗ್ರಿ ದಾಟುವ ಊರುಗಳು ನಮ್ಮವು. ವಯಸ್ಸಾದವರಿಗೆ ಬಾಯಾರಿಕೆ ಗೊತ್ತೇ ಆಗಲ್ಲ. ರಾತ್ರಿ ಏಳಬೇಕಾಗುತ್ತೆ ಅಂತ ಬೇಕಂತಲೂ ನೀರು ಬಿಡುತ್ತಾರೆ. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಮಲಗಿದವರನ್ನು ಬೇವಿನ ಮರದ ಕೆಳಗೆ, ಇಲ್ಲಾ ಗುಡಿ ಕಟ್ಟೆಗೆ ಕಳಿಸಿ. ಕೈಗೆ ಎಟುಕುವ ಹಾಗೆ ತಂಬಿಗೆ ಇರಲಿ. ಮಜ್ಜಿಗೆ, ಅಂಬಲಿ ಒಳ್ಳೇದು. ಹೃದಯ, ಕಿಡ್ನಿ ಕಾಯಿಲೆ ಇದ್ದು ಡಾಕ್ಟರ್ ನೀರು ಕಡಿಮೆ ಕುಡಿ ಅಂದವರಿಗೆ ಮಾತ್ರ ಡಾಕ್ಟರನ್ನು ಕೇಳಿ ಹೇಳಿ. ಮೈ ಸುಡುತ್ತಾ ಏನೇನೋ ಮಾತಾಡುತ್ತಿದ್ದರೆ ಒದ್ದೆ ಬಟ್ಟೆ, ಗಾಳಿ, 108. ಆಮೇಲೆ ನನಗೆ ಫೋನ್ ಮಾಡಿ ಏನ್ಮಾಡೋದು ಅಂತ ಕೇಳಬೇಡಿ, ಮೊದಲು 108.

ಲಿಂಗಸುಗೂರಿನವ, ಸದ್ಯ ಬೆಂಗಳೂರು

ನಾನು ಗುಳೆ ಬಂದವನು. ಬಿಲ್ಡಿಂಗ್ ಕೆಲಸ. ನಮ್ಮವ್ವ ಊರಲ್ಲೇ ಇದ್ದಾಳೆ, ಇಲ್ಲಿಗೆ ಬಾ ಅಂದರೆ ಬರಲ್ಲ. ಶೆಡ್ಡಿನಲ್ಲಿ ಬಂದು ಏನು ಮಾಡಲಿ ಅಂತಾಳೆ, ಅದೂ ನಿಜ.

ನಮ್ಮೂರಿಗೂ ಒಂದ್ಸಲ ಕಾಲೇಜಿನ ಗುಂಪು ಬಂದಿತ್ತು. ಯಾವ ಕಾಲೇಜು ಅನ್ನೋದು ಬೇಡ. ನಮ್ಮವ್ವನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಫೋಟೊ ತೆಗೆದು, "ಮಕ್ಕಳು ಕೈಬಿಟ್ಟ ತಾಯಿ" ಅಂತ ಬರೆದು ಸ್ಟೇಟಸ್ ಹಾಕಿದ್ದರು. ನಮ್ಮ ಸಂಬಂಧಿಕರಿಗೆ ಹೋಗಿ, ಅವರಿಂದ ನನಗೆ ಬಂತು. ನಾನು ತಿಂಗಳಾ ತಿಂಗಳಾ ದುಡ್ಡು ಹಾಕುತ್ತೇನೆ, ದಿನಾ ರಾತ್ರಿ ಮಾತಾಡುತ್ತೇನೆ. ಆ ಫೋಟೊ ನೋಡಿ ಅವತ್ತು ಊಟ ಸೇರಲಿಲ್ಲ.

ನಿಮ್ಮ ಮನಸ್ಸು ಒಳ್ಳೇದಿದೆ ಅಂತ ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಮನೆಗೆ ಹೋದಾಗ ಮಗನ ನಂಬರ್ ಇಸ್ಕೊಳ್ಳಿ. ಅವ್ವನಿಗೆ ಹೇಳೇ ಫೋನ್ ಮಾಡಿ, ಅವಳ ಮುಂದೆಯೇ ಮಾತಾಡಿ. ಬಿಪಿ ಇಷ್ಟಿದೆ, ಕಣ್ಣು ಮಂಜಾಗಿದೆ ತೋರಿಸಬೇಕು, ಗುಳಿಗೆ ಇನ್ನು ಹತ್ತು ದಿನಕ್ಕಾಗುತ್ತೆ. ಇಷ್ಟು ಹೇಳಿದರೆ ನಮಗೆ ದೊಡ್ಡ ಉಪಕಾರ. ಅವ್ವ ಫೋನಲ್ಲಿ ಯಾವತ್ತೂ "ಆರಾಮ ಅದೀನಿ" ಅಂತಲೇ ಹೇಳೋದು. ಕಾಲು ಬಾತಿದ್ದರೂ ಆರಾಮ. ಸತ್ಯ ನಮಗೆ ಇನ್ಯಾರು ಹೇಳಬೇಕು?

ಬೈಯೋಕೆ ಮಾತ್ರ ಫೋನ್ ಮಾಡಬೇಡಿ.

ಕೊಪ್ಪಳದ ನರ್ಸಿಂಗ್ ಹುಡುಗಿ

ಸಿಸ್ಟರ್, ನಿಮ್ಮದನ್ನು ನಮ್ಮ ಗುಂಪಿಗೆ ಓದಿ ಹೇಳಿದೆ. ನಿಂತು ನೋಡುವ ಬಿಪಿ ಪುಸ್ತಕದಲ್ಲಿ ಓದಿದ್ದೇವೆ, ವಾರ್ಡಿನಲ್ಲೂ ಮಾಡಿದ್ದೇವೆ, ಹಳ್ಳಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಣ್ಣಾ, ಫೋಟೊ ಪೂರ್ತಿ ಬೇಡ ಅಂತ ತೀರ್ಮಾನ ಮಾಡಿದೆವು. ಕಾಲೇಜಿಗೆ ತೋರಿಸಲು ರಿಜಿಸ್ಟರ್ ಸಾಕು. ಮಗನ ಜೊತೆ ಅವ್ವನ ಮುಂದೆಯೇ ಮಾತಾಡೋದು ಅನ್ನೋದು ಇಷ್ಟವಾಯಿತು.

ಇನ್ನೊಂದು ಕೇಳಬೇಕು. ಒಂದು ಮನೆಯಲ್ಲಿ ಅಜ್ಜನಿಗೆ ಊಟ ಸರಿಯಾಗಿ ಹಾಕುತ್ತಿಲ್ಲ ಅಂತ ಪಕ್ಕದವರು ಹೇಳುತ್ತಾರೆ. ಪಿಂಚಣಿ ದುಡ್ಡೂ ಕಸಿದುಕೊಳ್ಳುತ್ತಾರಂತೆ. ಅಜ್ಜ ಮಾತ್ರ ಬಾಯಿ ಬಿಡಲ್ಲ. ಅಂಥ ಕಡೆ ನಾವೇನು ಮಾಡಬೇಕು?

ಪಾಠದ ಮೇಡಂ, ಬಳ್ಳಾರಿ

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಿಸ್ಟರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಬೇರೆ ಅಭಿಪ್ರಾಯ. ಪತ್ರ ಕೊಟ್ಟು ಮಕ್ಕಳನ್ನು ಭಾನುವಾರ ಕಳಿಸಿಬಿಟ್ಟರೆ ಆಗಲ್ಲ. ಒಬ್ಬರು ಟೀಚರ್ ಆ ದಿನ ಫೋನಿನಲ್ಲಿ ಸಿಗಲೇಬೇಕು, ಆಗಾಗ ಜೊತೆಗೂ ಹೋಗಬೇಕು. ನಿಮ್ಮ ಕಾಲೇಜಿನಲ್ಲಿ ಅಂಥವರು ಒಬ್ಬರೂ ಒಪ್ಪದಿದ್ದರೆ, ಈ ಕೆಲಸ ಶುರುಮಾಡಬೇಡಿ ಅಂತಲೇ ಹೇಳುತ್ತೇನೆ. ಹೆಣ್ಣುಮಕ್ಕಳು ಬೀಗ ಹಾಕಿದ ಓಣಿಗಳಲ್ಲಿ ಓಡಾಡುವ ವಿಷಯ. ಸಂಜೆಯ ಕೊನೆ ಬಸ್ಸಿಗೆ ಕಾಯುವ ಹಾಗೆ ಇಟ್ಟುಕೊಳ್ಳಲೇಬೇಡಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬನ್ನಿ.

ಅಜ್ಜನ ವಿಷಯ. ಪಕ್ಕದವರ ಮಾತಿನ ಮೇಲೆ ಮನೆಯವರನ್ನು ವಿಚಾರಿಸಲು ಹೋಗಬೇಡಿ. ನೀವು ಬಸ್ ಹತ್ತಿದ ಮೇಲೆ ಅಜ್ಜ ಅದೇ ಮನೆಯಲ್ಲಿರಬೇಕು. ನಿಮ್ಮ ಕೈಯಲ್ಲಿರೋದು ತೂಕ ಅಳೆಯುವುದು. ಪ್ರತಿ ತಿಂಗಳು ಅಳೆದು ಬರೆಯಿರಿ. ಮೈಮೇಲೆ ಗಾಯ, ಬಾವು ಇದೆಯಾ ನೋಡಿ. ಅಜ್ಜನ ಜೊತೆ ಒಂಟಿಯಾಗಿ ಮಾತಾಡಲು ಒಂದು ನೆಪ ಬೇಕು, ಕಾಲು ತೊಳೆದು ಉಗುರು ಕತ್ತರಿಸುವುದು ಒಳ್ಳೇ ನೆಪ. ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತವರು ತಾವಾಗೇ ಮಾತಾಡುತ್ತಾರೆ. ಶುಗರ್ ಇದ್ದವರಿಗೆ ನೀರು ಉಗುರುಬೆಚ್ಚಗೆ ಇರಲಿ, ನೀವೇ ಕೈ ಹಾಕಿ ನೋಡಿ, ಅವರ ಕಾಲಿಗೆ ಸುಡುವುದು ಗೊತ್ತಾಗಲ್ಲ. ಅವರ ಉಗುರನ್ನು ನೇರಕ್ಕೆ ಕತ್ತರಿಸಿ, ದಪ್ಪಗಾಗಿ ಒಳಗೆ ಬೆಳೆದಿದ್ದರೆ ಮುಟ್ಟಬೇಡಿ. ಬೆರಳ ಸಂದು, ಹಿಮ್ಮಡಿ, ಪಾದದ ಅಡಿ ಎಲ್ಲ ಆಗಲೇ ನೋಡಿಬಿಡಬಹುದು.

ಅಜ್ಜ ಏನಾದರೂ ಹೇಳಿದರೆ ಆ ದಿನವೇ ನಿಮ್ಮ ಟೀಚರಿಗೆ, ಪಿಎಚ್‌ಸಿಗೆ ತಿಳಿಸಿ. ಯಾರಿಗೂ ಹೇಳಲ್ಲ ಅಂತ ಅಜ್ಜನಿಗೆ ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗಲ್ಲ. ಹಿರಿಯರ ಸಹಾಯವಾಣಿ 14567 ಇದೆ, ದುಡ್ಡಿಲ್ಲದೆ ಮಾಡಬಹುದು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಹತ್ತಿರ ಅರ್ಜಿ ಹಾಕಬಹುದು, ವಕೀಲರು ಬೇಕಿಲ್ಲ. ಹಾಕಬೇಕೋ ಬೇಡವೋ ಅನ್ನೋದು ಅಜ್ಜನ ನಿರ್ಧಾರ. ಎಷ್ಟೋ ಜನ ಬೇಡ ಅಂತಾರೆ. ಸಂಧ್ಯಾ ಸುರಕ್ಷಾ, ಅಂದರೆ ಸರ್ಕಾರದ ವೃದ್ಧಾಪ್ಯ ಪಿಂಚಣಿ ದುಡ್ಡು ತಿಂಗಳಿಗೆ 1200 ರೂಪಾಯಿ. ಅದು ಯಾರ ಖಾತೆಗೆ ಬೀಳುತ್ತೆ, ಪಾಸ್‌ಬುಕ್ ಯಾರ ಹತ್ತಿರ ಇದೆ, ಇಷ್ಟು ಮೆಲ್ಲಗೆ ಕೇಳಿ ತಿಳಿದುಕೊಳ್ಳಬಹುದು. ಬಂದೇ ಇಲ್ಲ ಅಂದರೆ ನಾಡಕಚೇರಿಗೆ ಹೋಗಬೇಕು.

ಶುಗರ್ ನೋಡುವುದಿದ್ದರೆ ಚುಚ್ಚಿದ ಸೂಜಿಗಳನ್ನು ಅಲ್ಲಿ ಬಿಸಾಡಬೇಡಿ. ಗಟ್ಟಿ ಡಬ್ಬಿಯಲ್ಲಿ ಹಾಕಿ ಪಿಎಚ್‌ಸಿಗೆ ಕೊಡಿ. ಬ್ಯಾಗ್ ಟೆಕ್ನಿಕ್, ಅಂದರೆ ಮನೆಭೇಟಿಯ ಬ್ಯಾಗನ್ನು ಶುಚಿಯಾಗಿ ಬಳಸುವ ಕ್ರಮ, ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದೀರಿ, ಅಲ್ವಾ? ಪೇಪರ್ ಹಾಸಿ, ಅದರ ಮೇಲೆ ಬ್ಯಾಗ್ ಇಟ್ಟು, ಮೊದಲು ಸೋಪು, ಟವೆಲ್ ತೆಗೆದು ಕೈ ತೊಳೆಯಿರಿ. ನೀರಿಗೆ ಬರ ಇರುವ ಮನೆಯಲ್ಲಿ ಒಂದು ಕೊಡ ನೀರು ಖರ್ಚು ಮಾಡಬೇಡಿ, ಒಂದು ಬಾಟಲಿ ನೀವೇ ಒಯ್ಯಿರಿ.

ನಿವೃತ್ತ ಮೇಷ್ಟ್ರು, ಬಳ್ಳಾರಿ

ನೀವೆಲ್ಲ ನಮ್ಮಂಥವರ ಬಗ್ಗೆ ಮಾತಾಡುತ್ತಿದ್ದೀರಿ, ಆದ್ದರಿಂದ ನಾನೂ ಒಂದು ಮಾತು ಹೇಳಬಹುದು. ನನಗೆ ಎಪ್ಪತ್ತು ದಾಟಿದೆ. ನಮ್ಮ ಓಣಿಗೂ ನರ್ಸಿಂಗ್ ಮಕ್ಕಳು ಬರುತ್ತಾರೆ. ಒಳ್ಳೇ ಮಕ್ಕಳು. ಆದರೆ ಕಿವಿ ಹತ್ತಿರ ಬಂದು "ತಾತಾ, ಊಟ ಆಯ್ತಾ? ಗುಡ್ ಬಾಯ್!" ಅಂತ ಕೂಗುತ್ತಾರೆ. ನನ್ನ ಕಿವಿ ಚೆನ್ನಾಗಿದೆ. ಕೇಳದವರಿಗೂ ಕೂಗಿದರೆ ಪ್ರಯೋಜನ ಇಲ್ಲ. ಎದುರಿಗೆ ಬೆಳಕಲ್ಲಿ ಕೂತು, ಮಾಸ್ಕ್ ಇದ್ದರೆ ಇಳಿಸಿ, ನಿಧಾನಕ್ಕೆ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

ಇನ್ನೊಂದು, ನನ್ನ ಬಿಪಿ ಎಷ್ಟು ಅಂತ ನನ್ನ ಮಗನಿಗೆ ಹೇಳುವ ಮೊದಲು ನನಗೆ ಹೇಳಿ. ಸುಮ್ನೆ "ನಾರ್ಮಲ್ ಇದೆ ತಾತಾ" ಅಂದರೆ ನನಗೆ ಸಿಟ್ಟು ಬರುತ್ತೆ. ಸಂಖ್ಯೆ ಹೇಳಿ, ನನಗೆ ಲೆಕ್ಕ ಬರುತ್ತೆ.

ಮತ್ತೆ ನಮ್ಮಿಂದಲೂ ಏನಾದರೂ ಕೆಲಸ ತಗೊಳ್ಳಿ. ಆ ಮಕ್ಕಳಲ್ಲಿ ಒಬ್ಬನಿಗೆ ನಾನು ಅರ್ಜಿ ಬರೆಯೋದು ಹೇಳಿಕೊಟ್ಟೆ. ಅವನು ಬಂದಾಗ ಬಿಪಿ ಆಮೇಲೆ, ಮೊದಲು ಅರ್ಜಿ.

ಕೊಪ್ಪಳದ ನರ್ಸಿಂಗ್ ಹುಡುಗಿ

ಮೇಷ್ಟ್ರೇ, ಕ್ಷಮಿಸಿ, ಓದಿ ನಕ್ಕುಬಿಟ್ಟೆವು. ಗುಡ್ ಬಾಯ್ ಅನ್ನೋರು ನಮ್ಮ ಗುಂಪಲ್ಲೂ ಇದ್ದಾರೆ, ಹೆಸರು ಹೇಳಲ್ಲ.

ಕಮ್ಯುನಿಟಿ ಮೇಡಂ ಒಬ್ಬರು ಒಪ್ಪಿದ್ದಾರೆ. ತಿಂಗಳಿಗೆ ಎರಡು ಭಾನುವಾರ, ಒಂಬತ್ತು ಮನೆ, ಮಧ್ಯಾಹ್ನದೊಳಗೆ ವಾಪಸ್. ಪತ್ರ ಸೋಮವಾರ ಕೊಡುತ್ತೇವೆ. ಪರೀಕ್ಷೆ ಬಂದಾಗ, ಆಮೇಲೆ ನಾವು ನಾಲ್ಕನೇ ವರ್ಷ ಮುಗಿಸಿ ಹೋದಾಗ ಏನು ಮಾಡೋದು ಅನ್ನೋದೊಂದು ಉಳಿದಿದೆ.

ನಿವೃತ್ತ ಸಿಸ್ಟರ್, ಕುಷ್ಟಗಿ ಕಡೆಯವಳು

ಅದನ್ನು ಮೊದಲ ದಿನವೇ ಅವರಿಗೆ ಹೇಳಿಬಿಡಿ. "ಇಷ್ಟು ದಿನ ಬರ್ತೀವಿ, ಪರೀಕ್ಷೆಗೆ ಒಂದು ತಿಂಗಳು ಬರಲ್ಲ" ಅಂತ. ಹೇಳದೆ ನಿಲ್ಲಿಸಿದರೆ ಭಾನುವಾರ ಬೆಳಿಗ್ಗೆಯಿಂದ ರೊಟ್ಟಿ ಮಾಡಿಟ್ಟುಕೊಂಡು ಬಸ್ಸಿನ ಕಡೆ ನೋಡುತ್ತಾ ಕೂರುತ್ತಾರೆ. ಎರಡನೇ ವರ್ಷದವರನ್ನು ಈಗಲೇ ಇಬ್ಬಿಬ್ಬರಂತೆ ಜೊತೆಗೆ ಕರೆದೊಯ್ಯಿರಿ. ನೀವು ಬಿಡುವ ಹೊತ್ತಿಗೆ ಅವರ ಮುಖ ಪರಿಚಯ ಆಗಿರುತ್ತೆ. ರಿಜಿಸ್ಟರ್ ಆಶಾ ಹತ್ತಿರ ಇರಲಿ, ಹಾಸ್ಟೆಲ್ಲಿನ ಟ್ರಂಕಿನಲ್ಲಿ ಬೇಡ.

ಹೋಗುವ ಮೊದಲು ಆ ಬಿಪಿ ಮಷೀನಿನ ಪಟ್ಟಿ ನೋಡಿಕೊಳ್ಳಿ. ನಮ್ಮ ಅಜ್ಜಿಯರ ತೋಳು ಬಡಕಲು. ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತೆ. ಟೇಪಿನಲ್ಲಿ ತೋಳಿನ ಸುತ್ತಳತೆ ಅಳೆಯಿರಿ, 22ರಿಂದ 26 ಸೆಂ.ಮೀ. ಒಳಗಿದ್ದರೆ ಸಣ್ಣ ಪಟ್ಟಿ ಬೇಕು. ಕಾಲೇಜಿನ ಲ್ಯಾಬಿನಲ್ಲಿ ಇರುತ್ತೆ, ಮೇಡಂ ಹತ್ತಿರ ಬರೆದುಕೊಟ್ಟು ಇಸ್ಕೊಳ್ಳಿ. ಸೆಲ್ ಎರಡು ಜಾಸ್ತಿ ಇರಲಿ, ಹಳ್ಳಿಯ ಅಂಗಡಿ ಭಾನುವಾರ ಯಾವಾಗ ತೆಗೆಯುತ್ತೋ ಹೇಳೋಕಾಗಲ್ಲ.